ಲೂರ್ ಸಾಮಾನಿಗೆ ಮನೆಯಲ್ಲೇ ಬಣ್ಣ: ಗಾಳ ಹಾಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಲೂರ್ ಅಂದರೆ ಮೀನನ್ನು ಸೆಳೆಯುವ ನಕಲಿ ಎರೆ. ಪುಕ್ಕ, ಕೂದಲು, ನೂಲು, ಮೆತ್ತನೆಯ ಪ್ಲಾಸ್ಟಿಕ್ ಹುಳ, ಸ್ಪೂನ್ (ಚಮಚದ ಆಕಾರದ ಲೋಹದ ಲೂರ್), ಸೀಸದ ಜಿಗ್ ತಲೆ (ಕೊಕ್ಕೆಗೆ ಕೂರಿಸಿದ ಸೀಸದ ಗುಂಡು). ಲೂರ್ ಕಟ್ಟುವವರ ಡಬ್ಬಿಯಲ್ಲಿ ಇಷ್ಟೂ ಇರುತ್ತವೆ. ಇವಕ್ಕೆಲ್ಲ ಒಂದೇ ಬಣ್ಣ ಹಿಡಿಯುವುದಿಲ್ಲ. ಕೆಳಗಿನ ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ಉತ್ತರ ಶುರುವಾಗುವುದು ಒಂದೇ ಕಡೆಯಿಂದ: ಮೊದಲು ಸಾಮಾನು ಯಾವುದರಿಂದ ಆದದ್ದು ಅಂತ ನೋಡಿ, ಆಮೇಲೆ ಬಣ್ಣ ಹುಡುಕಿ.

ಬೇಕಾದ ಬಣ್ಣದ್ದೇ ಅಂಗಡಿಯಲ್ಲಿ ಸಿಗುತ್ತಲ್ಲ, ಮನೆಯಲ್ಲಿ ಯಾಕೆ ಈ ರಗಳೆ?

ಸಿಗುತ್ತದೆ, ದುಡ್ಡು ಕೊಟ್ಟರೆ. ಫ್ಲೈ (ಕೊಕ್ಕೆಗೆ ಪುಕ್ಕ, ಕೂದಲು ಸುತ್ತಿ ಹುಳದ ಹಾಗೆ ಮಾಡುವ ಲೂರ್) ಕಟ್ಟುವ ಪುಕ್ಕ, ತುಪ್ಪಳಗಳು ನಮ್ಮಲ್ಲಿಗೆ ಬಹುಪಾಲು ಹೊರದೇಶದಿಂದ ಬರಬೇಕು. ಬೇಕಾದ ಬಣ್ಣ ಬೇಕಾದಾಗ ಇರುವುದಿಲ್ಲ. ಇತ್ತ ಬೀದಿ ಕೊನೆಯ ಕೋಳಿ ಅಂಗಡಿಯಲ್ಲಿ ಬಿಳಿ ಪುಕ್ಕ ಚೀಲಗಟ್ಟಲೆ ತಿಪ್ಪೆಗೆ ಹೋಗುತ್ತದೆ.

ಈ ಅಭ್ಯಾಸ ಹಳೆಯದು ಕೂಡ. 1496ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾದ ಮೀನು ಹಿಡಿಯುವ ಪುಸ್ತಕವೊಂದರಲ್ಲೇ ಕುದುರೆ ಬಾಲದ ಕೂದಲಿನ ಗಾಳದ ದಾರಕ್ಕೆ ಬಣ್ಣ ಹಾಕುವ ಕ್ರಮ ಇದೆ. ಪಟಿಕ, ಬಾರ್ಲಿ ಮದ್ಯ, ಅಕ್ರೋಟ್ ಎಲೆ ಎಲ್ಲ ಅದರಲ್ಲಿ ಬರುತ್ತವೆ. ನಮ್ಮ ಕೆಲಸ ಅದಕ್ಕಿಂತ ಸುಲಭ.

ಯಾವ ಸಾಮಾನಿಗೆ ಯಾವ ಬಣ್ಣ ಹಿಡಿಯುತ್ತದೆ?

ಪುಕ್ಕ, ಕೂದಲು, ಉಣ್ಣೆ, ರೇಷ್ಮೆ ಇವೆಲ್ಲ ಪ್ರೋಟೀನ್. ಇವಕ್ಕೆ ಬೇಕಾದದ್ದು ಆ್ಯಸಿಡ್ ಡೈ. ಹೆಸರು ಕೇಳಿ ಹೆದರಬೇಡಿ. ಹುಳಿ ಇರುವ ಬಿಸಿನೀರಿನಲ್ಲಿ ಹಿಡಿಯುವ ಬಣ್ಣ ಅಂತ ಅಷ್ಟೇ. ಕರ್ನಾಟಕದಲ್ಲಿ ಇದ್ದುಕೊಂಡು ಈ ಬಣ್ಣ ಸಿಗಲಿಲ್ಲ ಅನ್ನುವ ಹಾಗಿಲ್ಲ. ದೊಡ್ಡಬಳ್ಳಾಪುರ, ಕೊಳ್ಳೇಗಾಲ, ಮೊಳಕಾಲ್ಮೂರು ಅಂತ ರೇಷ್ಮೆ ನೇಯುವ ಊರುಗಳೇ ಇವೆ. ಬಣ್ಣದ ಅಂಗಡಿಯಲ್ಲಿ ‘ರೇಷ್ಮೆಗೆ ಹಾಕುವ ಆ್ಯಸಿಡ್ ಡೈ’ ಅಂತ ಕೇಳಿ. ಅದೇ ಬಣ್ಣ ಹುಂಜದ ಪುಕ್ಕಕ್ಕೂ ಹಿಡಿಯುತ್ತದೆ. ನೈಲಾನ್ ಪ್ರೋಟೀನ್ ಅಲ್ಲದಿದ್ದರೂ ಇದೇ ಬಣ್ಣ ಕುಡಿಯುತ್ತದೆ.

ಹತ್ತಿ ಮತ್ತು ರೇಯಾನ್‌ಗೆ ಬಟ್ಟೆಗೆ ಹಾಕುವ ಬೇರೆ ಡೈ ಬೇಕು. ಪಾಲಿಯೆಸ್ಟರ್‌ಗೆ ಡಿಸ್ಪರ್ಸ್ ಡೈ ಅನ್ನುವ ಇನ್ನೊಂದು ಬಗೆಯ ಬಣ್ಣ ಮತ್ತು ತುಂಬಾ ಜಾಸ್ತಿ ಬಿಸಿ ಬೇಕು. ಮನೆಯಲ್ಲಿ ಅದರ ತಂಟೆಗೆ ಹೋಗಬೇಡಿ, ಬಣ್ಣದ್ದನ್ನೇ ಕೊಂಡುಬಿಡಿ.

ಎಳೆ ಯಾವುದು ಅಂತ ಗೊತ್ತಾಗದಿದ್ದರೆ ಸಣ್ಣ ತುಂಡು ಚಿಮ್ಮಟದಲ್ಲಿ ಹಿಡಿದು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು, ಉಳಿದದ್ದು ಬೆರಳಲ್ಲಿ ಪುಡಿಯಾದರೆ ಪ್ರೋಟೀನ್. ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ ಅಥವಾ ರೇಯಾನ್. ಕರಗಿ, ಮುದುಡಿ, ತುದಿಯಲ್ಲಿ ಗಟ್ಟಿ ಮಣಿ ನಿಂತರೆ ಅದು ಸಿಂಥೆಟಿಕ್. ‘ಫರ್’ ಅಂತ ಚೀಟಿ ಅಂಟಿಸಿ ಮಾರುವ ಎಷ್ಟೋ ಸಾಮಾನು ಈ ಪರೀಕ್ಷೆಯಲ್ಲಿ ಕರಗಿ ಮಣಿಯಾಗುತ್ತದೆ.

ಪುಕ್ಕಕ್ಕೆ ಬಣ್ಣ ಹಾಕುವ ಕ್ರಮ ಪೂರ್ತಿ ಹೇಳಿ.

10 ಗ್ರಾಂ ಪುಕ್ಕದ ಲೆಕ್ಕ ಹೇಳುತ್ತೇನೆ. ಹತ್ತು ಗ್ರಾಂ ಅಂದರೆ ಕಡಿಮೆ ಅಂದುಕೊಳ್ಳಬೇಡಿ, ಮನೆಮಟ್ಟಿಗೆ ಧಾರಾಳ.

ಮೊದಲು ತೊಳೆಯಬೇಕು. ಹಕ್ಕಿ ತನ್ನ ಪುಕ್ಕಕ್ಕೆ ತಾನೇ ಎಣ್ಣೆ ಸವರಿಕೊಂಡಿರುತ್ತದೆ. ಎಣ್ಣೆ ಇರುವ ಕಡೆ ಬಣ್ಣ ಕೂರುವುದಿಲ್ಲ. ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ ಹಾಕಿ ಅರ್ಧ ಗಂಟೆ ನೆನೆಸಿ, ಜಾಲಾಡಿಸಿ, ಎರಡು ಸಲ ಬರೀ ನೀರಿನಲ್ಲಿ ತೆಗೆಯಿರಿ. ಪುಕ್ಕದ ಮೇಲೆ ನೀರಿನ ಹನಿ ಉರುಳಿ ಜಾರಿದರೆ ಎಣ್ಣೆ ಇನ್ನೂ ಇದೆ, ಮತ್ತೆ ತೊಳೆಯಿರಿ. ಹನಿ ಹರಡಿಕೊಂಡು ಒಳಗೆ ಇಳಿದರೆ ಸಾಕು. ಒಣಗಿಸಬೇಡಿ, ಒದ್ದೆಯೇ ಇರಲಿ.

ಬಣ್ಣದ ತೂಕ ಪುಕ್ಕದ ತೂಕದ ಶೇ. 2ರಷ್ಟು, ಅಂದರೆ 0.2 ಗ್ರಾಂ. ಕಡು ಬಣ್ಣ ಬೇಕಾದರೆ ಶೇ. 4. ಚಿನ್ನ ತೂಗುವಂಥ ಸಣ್ಣ ಡಿಜಿಟಲ್ ತಕ್ಕಡಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ 1 ಗ್ರಾಂ ಪುಡಿಯನ್ನು 100 ಮಿಲಿ ಬಿಸಿನೀರಿನಲ್ಲಿ ಕರಗಿಸಿ ಬಾಟಲಿಯಲ್ಲಿಡಿ. ಅದರಲ್ಲಿ 20 ಮಿಲಿ ತೆಗೆದರೆ 0.2 ಗ್ರಾಂ ಬಂತು. ಪುಡಿಯನ್ನು ನೇರವಾಗಿ ಪಾತ್ರೆಗೆ ಉದುರಿಸಿದರೆ ಕರಗದ ಕಣ ಪುಕ್ಕಕ್ಕೆ ಅಂಟಿ ಚುಕ್ಕೆ ಬೀಳುತ್ತದೆ. ಕರಗಿಸಿದ್ದನ್ನು ಬಟ್ಟೆಯಲ್ಲಿ ಸೋಸುವುದು ಇನ್ನೂ ವಾಸಿ.

ಸ್ಟೀಲ್ ಪಾತ್ರೆಯಲ್ಲಿ ಒಂದು ಲೀಟರ್ ನೀರು, ಅದಕ್ಕೆ ಬಣ್ಣ. ನೀರು ಉಗುರು ಬೆಚ್ಚಗಿರುವಾಗಲೇ ಪುಕ್ಕ ಹಾಕಿ, ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷಕ್ಕೆ 70 ಡಿಗ್ರಿಗೆ ತನ್ನಿ. ಈಗ ವಿನಿಗರ್ 50 ಮಿಲಿ, ಎರಡು ಸಲವಾಗಿ. ಪ್ರತಿ ಸಲವೂ ಪುಕ್ಕ ಹೊರಗೆ ಎತ್ತಿ, ವಿನಿಗರ್ ಕಲಸಿ, ಮತ್ತೆ ಹಾಕಿ. ಪುಕ್ಕದ ಮೇಲೆ ನೇರವಾಗಿ ಸುರಿದರೆ ಆ ಜಾಗ ಮಾತ್ರ ಬಣ್ಣ ಹೀರಿಕೊಂಡು ಪಟ್ಟೆ ಬೀಳುತ್ತದೆ. ಆಮೇಲೆ 70ರಿಂದ 80 ಡಿಗ್ರಿಯಲ್ಲಿ ಅರ್ಧ ಗಂಟೆ, ಆಗಾಗ ಮೆಲ್ಲಗೆ ತಿರುವುತ್ತಾ. ಥರ್ಮಾಮೀಟರ್ ಇಲ್ಲವಾ? ಪಾತ್ರೆಯ ತಳದಲ್ಲಿ ಸಣ್ಣ ಗುಳ್ಳೆ ಕಾಣಬೇಕು, ಹಬೆ ಆಡಬೇಕು, ನೀರು ಕುದಿಯಬಾರದು. ಕುದಿದರೆ ಪುಕ್ಕದ ಎಳೆ ಸುರುಟಿ ಒರಟಾಗುತ್ತದೆ.

ಈ ಕೆಲಸದಲ್ಲಿ ನೋಡಲು ಚೆಂದದ ಹೊತ್ತು ಒಂದಿದೆ. ಒಂದು ಚಮಚ ನೀರು ತೆಗೆದು ಬಿಳಿ ಕಪ್ಪಿಗೆ ಹಾಕಿ ನೋಡುತ್ತಿರಿ. ಶುರುವಿನಲ್ಲಿ ಕಡು ಕೆಂಪು ಇದ್ದದ್ದು ತಿಳಿ ಗುಲಾಬಿಯಾಗುತ್ತದೆ, ಕೊನೆಗೆ ಹೆಚ್ಚುಕಡಿಮೆ ಬರೀ ನೀರಾಗುತ್ತದೆ. ಬಣ್ಣವೆಲ್ಲ ಪುಕ್ಕಕ್ಕೆ ಹೋಯಿತು ಅಂತ ಅರ್ಥ. ಆಗ ಒಲೆ ಆರಿಸಿ, ಅದೇ ನೀರಿನಲ್ಲಿ ಆರಲು ಬಿಡಿ.

ಹೊರತೆಗೆದಾಗ ನಿರಾಸೆ ಆಗುತ್ತದೆ. ಪುಕ್ಕ ಮುದುಡಿ, ಒಂದಕ್ಕೊಂದು ಅಂಟಿ, ಕೆಲಸಕ್ಕೆ ಬಾರದ್ದು ಅನ್ನಿಸುತ್ತದೆ. ಎಸೆಯಬೇಡಿ. ಹಳೇ ಟವೆಲ್‌ನಲ್ಲಿ ಒತ್ತಿ ನೀರು ತೆಗೆದು, ತೂತಿನ ಬುಟ್ಟಿಯಲ್ಲಿ ಹಾಕಿ, ಹೇರ್ ಡ್ರೈಯರ್ ಹಿಡಿಯಿರಿ. ನೋಡುತ್ತಿದ್ದಂತೆ ಅರಳಿಕೊಳ್ಳುತ್ತದೆ. ಬಾಗಿದ ದಂಟು ಇಡ್ಲಿ ಪಾತ್ರೆಯ ಹಬೆಗೆ ಹಿಡಿದರೆ ನೆಟ್ಟಗಾಗುತ್ತದೆ.

ಯಾವ ಕೋಳಿಯ ಪುಕ್ಕ ಒಳ್ಳೆಯದು?

ಬಾಯ್ಲರ್ ಕೋಳಿಯ ರೆಕ್ಕೆ ಪುಕ್ಕ, ಮೆತ್ತನೆಯ ಮೈಪುಕ್ಕ ನಡೆಯುತ್ತವೆ. ಆದರೆ ಅದರ ಕತ್ತಿನ ಪುಕ್ಕಕ್ಕೆ ಆಸೆಪಡಬೇಡಿ. ಆರು ವಾರಕ್ಕೆಲ್ಲ ಕೊಯ್ಯುವ ಕೋಳಿಗೆ ಉದ್ದ ಪುಕ್ಕ ಬಲಿತಿರುವುದಿಲ್ಲ. ಉದ್ದನೆಯ, ಹೊಳಪಿನ ಕತ್ತುಪುಕ್ಕ ಬೇಕಾದರೆ ವಯಸ್ಸಾದ ನಾಟಿ ಹುಂಜವೇ ಸರಿ. ಅದು ಕೆಂಚು ಬಣ್ಣದ್ದಾದರೆ ಹಳದಿ, ನೀಲಿ ಬರುವುದಿಲ್ಲ. ಕಡು ಹಸಿರು, ಕಂದು, ಕಪ್ಪು ಬರುತ್ತದೆ. ಹಸಿ ಪುಕ್ಕ ಮುಟ್ಟಿದ ಕೈ ಸೋಪಿನಲ್ಲಿ ತೊಳೆಯಿರಿ.

ಕೇಸರಿಬಾತ್‌ಗೆ ಹಾಕುವ ಬಣ್ಣ ನಡೆಯುತ್ತದಾ?

ನಡೆಯುತ್ತದೆ. ತಿಂಡಿಗೆ ಹಾಕಲು ಒಪ್ಪಿಗೆ ಇರುವ ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೊ, ಕಾರ್ಮೊಸಿನ್, ಬ್ರಿಲಿಯಂಟ್ ಬ್ಲೂ ಇವೆಲ್ಲ ಸ್ವಭಾವದಲ್ಲಿ ಆ್ಯಸಿಡ್ ಡೈಗಳೇ. ಮೇಲಿನ ಕ್ರಮವೇ ಸಾಕು. ಅಂಗಡಿ ಪುಡಿಯಲ್ಲಿ ಉಪ್ಪು ಬೆರೆಸಿರುವುದರಿಂದ ಜಾಸ್ತಿ ಹಾಕಬೇಕಾಗುತ್ತದೆ. ಹಸಿರು ಪುಡಿ ಸಾಮಾನ್ಯವಾಗಿ ಹಳದಿ, ನೀಲಿ ಸೇರಿಸಿದ್ದು. ಎರಡೂ ಒಂದೇ ವೇಗದಲ್ಲಿ ಹಿಡಿಯುವುದಿಲ್ಲ, ಹಾಗಾಗಿ ತುದಿ ಒಂದು ಬಣ್ಣ, ಬುಡ ಇನ್ನೊಂದು ಬಣ್ಣ ಆದೀತು. ಲೂರ್‌ಗೆ ಅದು ಒಂದು ಚೆಂದವೇ ಅನ್ನಿ.

ಆದರೆ ಕಣ್ಣು ಕುಕ್ಕುವ ಗುಲಾಬಿ ಕೊಡುವ ರೋಡಮಿನ್-ಬಿ ತಿಂಡಿಯ ಬಣ್ಣ ಅಲ್ಲ. ಕರ್ನಾಟಕ ಸರ್ಕಾರ ಮಾರ್ಚ್ 2024ರಲ್ಲಿ ಬಾಂಬೆ ಮಿಠಾಯಿಯಲ್ಲಿ ಅದನ್ನು ನಿಷೇಧಿಸಿತು. ಪುಕ್ಕಕ್ಕೆ ಅದು ಚೆನ್ನಾಗಿ ಹಿಡಿಯುತ್ತದೆ, ನಿಜ. ಬಳಸುವುದಾದರೆ ಅಡುಗೆಮನೆಯಿಂದ ಆಚೆ, ಕೈಗವಸು ಹಾಕಿಕೊಂಡು.

ಅರಿಶಿನ, ಟೀ, ಮೆಹಂದಿ?

ಮೂರೂ ಕೆಲಸಕ್ಕೆ ಬರುತ್ತವೆ, ಮೂರರ ಗುಣವೂ ಬೇರೆ.

ಅರಿಶಿನ ತಕ್ಷಣ ಹಿಡಿಯುತ್ತದೆ, ಹುಳಿಯೂ ಬೇಡ. ನೇರಳಾತೀತ ಬೆಳಕಿಗೆ ಹಳದಿ ಹಸಿರಾಗಿ ಹೊಳೆಯುತ್ತದೆ ಕೂಡ. ಎರಡು ತೊಂದರೆ ಇವೆ. ಬಿಸಿಲಿಗೆ ಬೇಗ ಮಾಸುತ್ತದೆ. ಸೋಪು, ಸುಣ್ಣ ತಾಗಿದರೆ ಕೆಂಪಾಗುತ್ತದೆ. ಓಕುಳಿ ನೀರು ಮಾಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಟೀ ಡಿಕಾಕ್ಷನ್ ಬಿಳಿಯ ಕೋರೈಸುವಿಕೆ ತೆಗೆದು ಕೆನೆ ಬಣ್ಣ, ತಿಳಿ ಕಂದು ಕೊಡುತ್ತದೆ. ಹಾಲು ಸಕ್ಕರೆ ಇಲ್ಲದ್ದು, ಗೊತ್ತಲ್ಲ.

ಮೂರರಲ್ಲಿ ನನ್ನ ಆಯ್ಕೆ ಮೆಹಂದಿ. ಕೂದಲಿಗೆ ಹಿಡಿಯುವುದು ಪುಕ್ಕಕ್ಕೂ ಹಿಡಿಯುತ್ತದೆ, ಎರಡೂ ಕೆರಾಟಿನ್ ಅನ್ನುವ ಪ್ರೋಟೀನ್ ತಾನೆ. ನಿಂಬೆರಸ ಹಿಂಡಿ ಕಲಸಿದ ಪೇಸ್ಟಿನಲ್ಲಿ ರಾತ್ರಿ ಬಿಟ್ಟರೆ ಬೆಳಿಗ್ಗೆ ತುಕ್ಕಿನ ಬಣ್ಣ ಬಂದಿರುತ್ತದೆ. ಒಲೆ ಹೊತ್ತಿಸುವ ಕೆಲಸವೇ ಇಲ್ಲ. ಏಡಿ, ಸಿಗಡಿಯ ಹಾಗೆ ಕಟ್ಟುವ ಫ್ಲೈಗೆ ಹೇಳಿ ಮಾಡಿಸಿದ ಬಣ್ಣ. ಪೇಸ್ಟಿನ ಚೂರು ಬಿಡಿಸಲು ಮಾತ್ರ ತಾಳ್ಮೆಯಿಂದ ತೊಳೆಯಬೇಕು.

ಕಪ್ಪು ಹಾಕಿದರೆ ನೇರಳೆ ಬರುತ್ತದೆ. ಯಾಕೆ?

ಬಣ್ಣ ಸಾಲಲಿಲ್ಲ. ಕಪ್ಪಿಗೆ ತೂಕದ ಶೇ. 5ರಿಂದ 6ರಷ್ಟು ಡೈ ಬೇಕು, ಹೆಚ್ಚು ಹೊತ್ತೂ ಬೇಕು. ಇನ್ನೊಂದು ದಾರಿ, ಕಿರಾಣಿ ಅಂಗಡಿಯ ಕಪ್ಪು ಹೇರ್ ಡೈ. ಅದು ಹಿಡಿಯುವುದೇ ಕೆರಾಟಿನ್‌ಗೆ, ಬಿಸಿಯೂ ಬೇಡ. ಅದರಲ್ಲಿರುವ ಪಿಪಿಡಿ ಅನ್ನುವ ರಾಸಾಯನಿಕ ಕೆಲವರ ಚರ್ಮಕ್ಕೆ ಆಗುವುದಿಲ್ಲ, ಕೈಗವಸು ಮರೆಯಬೇಡಿ.

ಮೊದಲು ಬ್ಲೀಚ್ ಮಾಡಿ ಬಿಳಿ ಮಾಡಿಕೊಳ್ಳಬಹುದಾ?

ಬಟ್ಟೆ, ಬಾತ್‌ರೂಮಿಗೆ ಹಾಕುವ ಕ್ಲೋರಿನ್ ಬ್ಲೀಚ್ ಬೇಡವೇ ಬೇಡ. ಅದು ಪ್ರೋಟೀನನ್ನೇ ಕರಗಿಸುತ್ತದೆ. ಪುಕ್ಕ ಹಾಕಿಟ್ಟು ಮರೆತರೆ ದಂಟು ಮಾತ್ರ ಉಳಿದೀತು. ತಿಳಿ ಮಾಡಲೇಬೇಕಾದರೆ ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್. ಅದರಲ್ಲೂ ಕಪ್ಪು ಪುಕ್ಕ ಬಿಳಿಯಾಗುವುದಿಲ್ಲ, ಕೆಂಚಾಗುತ್ತದೆ.

ಚರ್ಮದ ಸಮೇತ ಇರುವ ಮೊಲದ ತುಪ್ಪಳಕ್ಕೆ?

ಇಲ್ಲಿ ಬಿಸಿಯೇ ಶತ್ರು. ಹದ ಮಾಡದ ಚರ್ಮ 60 ಡಿಗ್ರಿ ಆಸುಪಾಸಿನಲ್ಲಿ ಮುದುಡಿ ಗಟ್ಟಿಯಾಗುತ್ತದೆ, ಮತ್ತೆ ಸರಿಹೋಗುವುದಿಲ್ಲ. ಕೈ ತಡೆಯುವಷ್ಟು ಬಿಸಿನೀರು ಸಾಕು. ವಿನಿಗರ್ ಸ್ವಲ್ಪ ಜಾಸ್ತಿ ಹಾಕಿ, ಮೂರು ನಾಲ್ಕು ಗಂಟೆ ಬಿಡಿ. ಕಡು ಬಣ್ಣಕ್ಕೆ ಮೆಹಂದಿ ಅಥವಾ ಹೇರ್ ಡೈ.

ಜಿಂಕೆ ಕೂದಲು, ನವಿಲುಗರಿ, ಕಾಡುಕೋಳಿ ಪುಕ್ಕ?

ಹೊರದೇಶದ ವಿಡಿಯೊಗಳಲ್ಲಿ ಜಿಂಕೆ ಬಾಲದ ಕೂದಲಿಗೆ ಬಣ್ಣ ಹಾಕುವುದನ್ನು ನೋಡಿ ಎಷ್ಟೋ ಜನ ಇದನ್ನು ಕೇಳುತ್ತಾರೆ. ಅಲ್ಲಿ ಅದು ಬೇಟೆಯ ಹಂಗಾಮಿನ ಉಪಉತ್ಪನ್ನ. ನಮ್ಮಲ್ಲಿ ಜಿಂಕೆ, ಕಡವೆ ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಬರುತ್ತವೆ. ಕಾಡಂಚಿನಲ್ಲಿ ಬಿದ್ದದ್ದು ಸಿಕ್ಕಿತು ಅಂತ ಕೂದಲು ತಂದು ಡಬ್ಬಿಯಲ್ಲಿಟ್ಟರೂ ಕೇಸು. ಬಿಳಿ ಮೇಕೆ ಕೂದಲು ಬಳಸಿ. ಉದ್ದ ಬರುತ್ತದೆ, ಬಣ್ಣವೂ ಸಲೀಸಾಗಿ ಹಿಡಿಯುತ್ತದೆ. ಜಿಂಕೆ ಕೂದಲಿನಷ್ಟು ತೇಲುವುದಿಲ್ಲ, ಮುಳುಗುವ ಜಿಗ್‌ಗೆ ಅದು ಬೇಕಾಗಿಯೂ ಇಲ್ಲ.

ತಾನಾಗಿ ಉದುರಿದ ನವಿಲುಗರಿ ದೇಶದೊಳಗೆ ಇಟ್ಟುಕೊಳ್ಳಬಹುದು, ಹೊರಗೆ ಕಳಿಸುವಂತಿಲ್ಲ. ಆದರೆ ಅದಕ್ಕೆ ಡೈ ಹಾಕಿ ಪ್ರಯೋಜನ ಕಡಿಮೆ. ಅದರ ಹಸಿರು, ನೀಲಿ ಎರಡೂ ಬಣ್ಣದ ಪುಡಿಯಿಂದ ಬಂದದ್ದಲ್ಲ. ಎಳೆಯ ಒಳಗಿನ ಅತಿ ಸೂಕ್ಷ್ಮ ರಚನೆಗೆ ಬೆಳಕು ತಾಗಿ ಕಾಣುವುದು.

ನಮ್ಮ ಘಟ್ಟದ ಕಾಡುಕೋಳಿಯ ಕತ್ತುಪುಕ್ಕಕ್ಕೆ ದೊಡ್ಡ ಕಥೆ ಇದೆ. ಒಂದು ಕಾಲದಲ್ಲಿ ಬ್ರಿಟನ್ನಿನ ಸಾಲ್ಮನ್ ಫ್ಲೈಗಳಿಗೆ ಅದು ಬೇಕೇ ಬೇಕಿತ್ತು. ಅರಗು ಹಚ್ಚಿದಂಥ ಹೊಳೆಯುವ ಹಳದಿ ಬಿಳಿ ಚುಕ್ಕೆ ಅದರಲ್ಲಿ ಹುಟ್ಟಿನಿಂದಲೇ ಇರುತ್ತದೆ. ಈಗ ಆ ಹಕ್ಕಿಗೂ ಕಾನೂನಿನ ರಕ್ಷಣೆ ಇದೆ. ನಾಟಿ ಹುಂಜದ ಕಪ್ಪು ಪುಕ್ಕದ ತುದಿಗೆ ಕೆನೆ ಬಣ್ಣದ ನೇಲ್ ಪಾಲಿಶ್ ಒಂದು ಹನಿ ಇಟ್ಟು ಒಣಗಿಸಿ. ಮೀನಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಮೆತ್ತನೆಯ ಪ್ಲಾಸ್ಟಿಕ್ ಹುಳ, ಕಪ್ಪೆಗಳ ಬಣ್ಣ ಬದಲಾಯಿಸಬಹುದಾ?

ತಿಳಿ ಬಣ್ಣದ್ದನ್ನು ಕಡು ಮಾಡಬಹುದು. ಕಡು ಇದ್ದದ್ದು ತಿಳಿಯಾಗುವುದಿಲ್ಲ. ಇವು ಬಹುಪಾಲು ಪಿವಿಸಿ, ಮೆತ್ತಗಿರಲೆಂದು ಒಳಗೆ ಎಣ್ಣೆಯಂಥ ಪ್ಲಾಸ್ಟಿಸೈಜರ್ ಬೆರೆಸಿರುತ್ತಾರೆ. ಎಲ್ಲ ಆಟವೂ ಆ ಎಣ್ಣೆಯದೇ.

ನೀರಿನ ಬಣ್ಣ ಮೇಲೆ ನಿಲ್ಲುವುದೇ ಇಲ್ಲ. ನೇಲ್ ಪಾಲಿಶ್ ಹಚ್ಚಿದರೆ ವಾರ ಕಳೆದರೂ ಅಂಟಂಟು. ಪರ್ಮನೆಂಟ್ ಮಾರ್ಕರ್ ಮಾತ್ರ ಚೆನ್ನಾಗಿ ಇಳಿಯುತ್ತದೆ. ಹುಳವನ್ನು ಟಿಶ್ಯೂನಲ್ಲಿ ಒರೆಸಿ ಪಟ್ಟೆ, ಚುಕ್ಕೆ ಎಳೆಯಿರಿ, ಒಂದು ರಾತ್ರಿ ಬಿಡಿ. ಗೆರೆಯ ಅಂಚು ಸ್ವಲ್ಪ ಕದಡುತ್ತದೆ. ಕಪ್ಪೆಯ ಬೆನ್ನಿಗೆ ಅದೇ ಚೆಂದ. ಬಾಲದ ತುದಿ ಅದ್ದಲು ಲೂರ್‌ಗೆಂದೇ ಬರುವ ಡಿಪ್ ಡೈ ಕೂಡ ಇದೆ. ವಾಸನೆ ಜೋರು, ಕಿಟಕಿ ತೆಗೆದಿಟ್ಟು ಅದ್ದಿ.

ಖರ್ಚಿಲ್ಲದ ಉಪಾಯವೂ ಒಂದಿದೆ. ಕಡು ಕೆಂಪು ಹುಳದ ಜೊತೆ ಬಿಳಿ ಹುಳವನ್ನು ಒಂದೇ ಕವರಿನಲ್ಲಿ ಒತ್ತಿಟ್ಟರೆ ಕೆಲವೇ ದಿನದಲ್ಲಿ ಬಿಳಿಯದು ಗುಲಾಬಿಯಾಗುತ್ತದೆ. ಬೇಡದ ಕಡೆ ಇದೇ ತಲೆನೋವು. ಬಣ್ಣ ಬಣ್ಣದ್ದನ್ನು ಬೇರೆ ಬೇರೆ ಕವರಿನಲ್ಲಿಡಿ. ತುಂಬಾ ಹಿಗ್ಗುವ ಟಿಪಿಇ (ರಬ್ಬರಿನಂಥ ಇನ್ನೊಂದು ಪ್ಲಾಸ್ಟಿಕ್) ಹುಳಗಳನ್ನಂತೂ ಪಿವಿಸಿ ಹುಳಗಳ ಪಕ್ಕ ಇಡಲೇಬೇಡಿ, ಎರಡೂ ಕರಗಿ ಮುದ್ದೆಯಾಗುತ್ತವೆ.

ಹಳೇ ಹುಳ ಕರಗಿಸಿ ಹೊಸ ಬಣ್ಣ ಬೆರೆಸಿ ಅಚ್ಚು ಹಾಕುವವರಿದ್ದಾರೆ. ಅದಕ್ಕೆ 175 ಡಿಗ್ರಿ ಹತ್ತಿರ ಬಿಸಿ ಬೇಕು. ಸ್ವಲ್ಪ ಮೀರಿದರೆ ಪಿವಿಸಿ ಸುಟ್ಟು ಹೈಡ್ರೋಜನ್ ಕ್ಲೋರೈಡ್ ಹೊಗೆ ಬರುತ್ತದೆ, ಗಂಟಲು ಉರಿಯುತ್ತದೆ. ಮನೆಯ ಮೈಕ್ರೋವೇವ್‌ನಲ್ಲಿ ಇದನ್ನು ಮಾಡಬೇಡಿ. ಅಂಗಳ, ಹಳೇ ಪಾತ್ರೆ, ಮಾಸ್ಕ್ ಇದ್ದರೆ ನಿಮ್ಮ ಇಷ್ಟ.

ಲೂರ್ ಸುತ್ತ ಕಟ್ಟುವ ಸಿಲಿಕೋನ್ ಎಳೆಗಳ ಕುಚ್ಚಿಗೆ?

ಆಗುವುದಿಲ್ಲ. ಮಾರ್ಕರ್ ಕೂಡ ಬೆರಳಿಗೆ ಬರುತ್ತದೆ. ಬೇರೆ ಬಣ್ಣದ ಎಳೆ ಸೇರಿಸಿ ಕಟ್ಟಿ.

ಬ್ರೇಡ್ (ಎಳೆ ಹೆಣೆದು ಮಾಡಿದ) ಗಾಳದ ದಾರದ ಬಣ್ಣ ಹೋಗಿದೆ, ಡೈ ಹಾಕಲಾ?

ಬ್ರೇಡ್ ಆಗುವುದು ಪಾಲಿಎಥಿಲೀನ್‌ನಿಂದ. ಅದು ಬಣ್ಣ ಕುಡಿಯುವುದಿಲ್ಲ, ಮೊದಲಿದ್ದದ್ದೂ ಮೇಲಿನ ಲೇಪ. ಬೇಕಾದರೆ ಕೊನೆಯ ಒಂದೆರಡು ಮೀಟರ್‌ಗೆ ಮಾರ್ಕರ್ ಎಳೆಯಿರಿ. ಬಣ್ಣ ಹೋದ ಮಾತ್ರಕ್ಕೆ ದಾರ ಹಾಳಾಗಿದೆ ಅಂತಲ್ಲ.

ಗಟ್ಟಿ ಪ್ಲಾಸ್ಟಿಕ್ ಲೂರ್, ಸ್ಪೂನ್, ಜಿಗ್ ತಲೆಗೆ ಬಣ್ಣ ಹೇಗೆ?

ಇಲ್ಲಿ ಡೈ ಅಲ್ಲ, ಪೇಂಟ್. ಹಳೇ ಬಣ್ಣ ತೆಗೆಯಲು ನೇಲ್ ಪಾಲಿಶ್ ರಿಮೂವರ್ ಹಾಕಬೇಡಿ. ಅದರ ಅಸಿಟೋನ್ ಎಬಿಎಸ್ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ನಯವಾದ ಎಮರಿ ಪೇಪರ್‌ನಲ್ಲಿ ಉಜ್ಜಿ, ಸೋಪಿನಲ್ಲಿ ತೊಳೆದು, ಬಿಳಿ ಪ್ರೈಮರ್, ಅದರ ಮೇಲೆ ಆಕ್ರಿಲಿಕ್ ಬಣ್ಣ, ಕೊನೆಗೆ ಎಪಾಕ್ಸಿ. ಹೊಳಪಿನ ಫ್ಲೋರೊಸೆಂಟ್ ಬಣ್ಣದ ಕೆಳಗೆ ಬಿಳಿ ಇರಲೇಬೇಕು, ಕಪ್ಪಿನ ಮೇಲೆ ಅದು ಸತ್ತುಹೋಗುತ್ತದೆ. ಕೊಕ್ಕೆ ಬಿಚ್ಚಿ ಕೆಲಸ ಮಾಡಿ. ದಪ್ಪ ಬಳಿಯಬೇಡಿ. ನೀರಿನ ಮಧ್ಯೆ ನಿಲ್ಲುವ ಲೂರ್‌ಗೆ ಒಂದು ಪದರ ಜಾಸ್ತಿಯಾದರೂ ಅದು ಮುಳುಗತೊಡಗುತ್ತದೆ.

ಸ್ಪೂನ್‌ಗೆ ಪೂರ್ತಿ ಬಣ್ಣ ಬಳಿಯುವುದು ನನಗೆ ಸರಿ ಕಾಣುವುದಿಲ್ಲ. ಅದರ ಮಿಂಚೇ ಅದರ ಬಲ. ಒಳಬದಿಗೆ ಒಂದು ಪಟ್ಟೆ ನೇಲ್ ಪಾಲಿಶ್ ಸಾಕು.

ಜಿಗ್ ತಲೆಗೆ ಪೌಡರ್ ಪೇಂಟ್ ಗಟ್ಟಿಮುಟ್ಟು. ಕಾಯಿಸಿದ ತಲೆಯನ್ನು ಪುಡಿಯಲ್ಲಿ ಅದ್ದಿ, 175 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ಬೇಯಿಸಬೇಕು. ಸೀಸ ಕರಗುವುದು 327 ಡಿಗ್ರಿಗೆ, ಹಾಗಾಗಿ ಕರಗುವ ಭಯವಿಲ್ಲ. ಓವನ್ ಮಾತ್ರ ಅಡುಗೆಯದ್ದು ಆಗಬಾರದು. ಸೀಸ ಮುಟ್ಟಿದ ಕೈ ತೊಳೆಯದೆ ಬಾಯಿಗೆ ಹೋಗಬಾರದು.

ಇಷ್ಟೆಲ್ಲ ಮಾಡಿದರೆ ಮೀನು ಜಾಸ್ತಿ ಬೀಳುತ್ತದಾ? ಯಾವ ಬಣ್ಣ ಒಳ್ಳೆಯದು?

ನೀರು ನೋಡಿ ಹೇಳಬೇಕು. ತಿಳಿ ನೀರಿನಲ್ಲಿ ಕೆಂಪು ಬೆಳಕು ಮೊದಲ ಕೆಲವು ಮೀಟರ್‌ಗಳಲ್ಲೇ ಹೀರಿಹೋಗುತ್ತದೆ. ಆಳಕ್ಕೆ ಇಳಿದ ಕೆಂಪು ಲೂರ್ ಅಲ್ಲಿ ಕಪ್ಪಾಗಿ ಕಾಣುತ್ತದೆ, ನೀಲಿ ಹಸಿರು ಉಳಿಯುತ್ತವೆ. ಫ್ಲೋರೊಸೆಂಟ್ ಬಣ್ಣಕ್ಕೆ ಈ ನಿಯಮ ಬೇರೆ. ಅದು ನೀಲಿ, ನೇರಳಾತೀತ ಬೆಳಕನ್ನು ಹೀರಿ ತನ್ನ ಬಣ್ಣವಾಗಿ ಹೊರಬಿಡುತ್ತದೆ.

ಮಳೆಗಾಲದ ಕೆಂಪು ನೀರಿನಲ್ಲಿ ಮೀನಿಗೆ ಕಾಣುವುದೇ ಹತ್ತಿರದ್ದು. ಅಲ್ಲಿ ಕಡು ಕಪ್ಪು ಅಥವಾ ಗಿಳಿಹಸಿರು ಹಳದಿ, ನಡುವಿನದ್ದು ಬೇಡ. ಕೆರೆಯ ಕೊರವ ಮೀನಿಗೆ ಮೇಲೆ ಓಡಿಸುವ ಕಪ್ಪೆ ಲೂರ್‌ನ ಬೆನ್ನಿಗೆ ನೀವು ಬಿಡಿಸಿದ ಚಿತ್ತಾರ ಅದಕ್ಕೆ ಕಾಣುವುದೇ ಇಲ್ಲ. ಅದು ಕೆಳಗಿನಿಂದ ಆಕಾಶಕ್ಕೆ ಎದುರಾಗಿ ಹೊಟ್ಟೆಯನ್ನು ನೋಡುತ್ತದೆ. ಬೆನ್ನಿನ ಚಿತ್ತಾರ ನಮ್ಮ ಖುಷಿಗೆ. ಕಡಲ ಅಂಜಲ್‌ಗೆ ಬೆಳ್ಳಿ, ಬಿಳಿ, ನೀಲಿ ಬೆನ್ನು. ಅದು ತಿನ್ನುವ ಬೂತಾಯಿ, ಬಂಗುಡೆ ಇರುವುದೇ ಹಾಗೆ.

ನನ್ನ ಕೇಳಿದರೆ ಗಾತ್ರ, ಆಳ, ಓಟದ ವೇಗ ಸರಿಯಿದ್ದ ಮೇಲೆ ಬಣ್ಣ. ಅದರಲ್ಲೂ ಹಸಿರಾ ನೀಲಿಯಾ ಅನ್ನುವುದಕ್ಕಿಂತ ಕಡುವಾ ತಿಳಿಯಾ ಅನ್ನುವುದು ಮುಖ್ಯ. ಬಿಳಿ, ಕಪ್ಪು, ಗಿಳಿಹಸಿರು ಹಳದಿ, ತುಕ್ಕು ಕಂದು, ಈ ನಾಲ್ಕು ಇದ್ದರೆ ಹೊಳೆಗೂ ಕೆರೆಗೂ ಸಾಕು.

ಬಣ್ಣ ನೀರಿಗೆ ಬಿಡುತ್ತಿದೆ, ಕೆಲವು ಕಡೆ ಮಾತ್ರ ಹಿಡಿದಿದೆ. ಏನು ಮಾಡಲಿ?

ಬಿಡುತ್ತಿದ್ದರೆ ಹುಳಿ ಅಥವಾ ಬಿಸಿ ಸಾಲಲಿಲ್ಲ. ಬೋರ್‌ವೆಲ್ ನೀರಿನಲ್ಲಿ ಇದು ಜಾಸ್ತಿ. ಗಡಸು ನೀರಿನ ಕ್ಷಾರ ಅರ್ಧ ವಿನಿಗರ್ ತಿಂದುಬಿಡುತ್ತದೆ. ಅಂಥ ನೀರಿಗೆ ವಿನಿಗರ್ ದುಪ್ಪಟ್ಟು ಹಾಕಿ, ಇಲ್ಲವಾ ಒಂದು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್). ಹಿಡಿಸಿಟ್ಟ ಮಳೆನೀರು ಇದ್ದರೆ ಇನ್ನೂ ಒಳ್ಳೆಯದು. ಕೆಲವು ಕಡೆ ಮಾತ್ರ ಹಿಡಿದಿದ್ದರೆ ಎಣ್ಣೆ ಹೋಗಿಲ್ಲ, ಇಲ್ಲವೇ ಪಾತ್ರೆಯಲ್ಲಿ ಪುಕ್ಕ ತುಂಬಾ ತುರುಕಿದ್ದೀರಿ. ತೊಳೆದು ಅದೇ ಬಣ್ಣದ ಕಡು ಛಾಯೆಯಲ್ಲಿ ಮತ್ತೊಮ್ಮೆ ಹಾಕಿ.

ಪಾತ್ರೆ, ಉಳಿದ ನೀರು, ಬಣ್ಣ ಹಾಕಿದ ಪುಕ್ಕ, ಇವನ್ನೆಲ್ಲ ಏನು ಮಾಡಬೇಕು?

ಪಾತ್ರೆ, ಚಮಚ ಈ ಕೆಲಸಕ್ಕೇ ಮೀಸಲು. ತಿಂಡಿಯ ಬಣ್ಣ ಬಿಟ್ಟು ಬೇರೆ ಡೈ ಮುಟ್ಟಿದ ಪಾತ್ರೆ ಅಡುಗೆಗೆ ವಾಪಸ್ ಬರಬಾರದು. ಹಿಡಿಯ ಮೇಲೆ ಮಾರ್ಕರ್‌ನಲ್ಲಿ ಗುರುತು ಹಾಕಿಬಿಡಿ, ಮನೆಯವರಿಗೂ ಗೊತ್ತಾಗಲಿ. ಪುಡಿ ತೂಗುವಾಗ ಫ್ಯಾನ್ ಆರಿಸಿ, ಮಾಸ್ಕ್ ಹಾಕಿಕೊಳ್ಳಿ. ಬಣ್ಣವೆಲ್ಲ ಪುಕ್ಕ ಕುಡಿದ ಮೇಲೆ ಉಳಿಯುವುದು ಹುಳಿ ನೀರು. ಅದನ್ನು ಸಾಕಷ್ಟು ನೀರಿನ ಜೊತೆ ಬಚ್ಚಲಿಗೆ ಬಿಡಬಹುದು. ಕೆರೆಗೆ, ಬಾವಿ ಕಟ್ಟೆಗೆ ಚೆಲ್ಲಬೇಡಿ.

ಪುಕ್ಕ ಪೂರ್ತಿ ಒಣಗಿದ ಮೇಲೆ ಜಿಪ್ ಕವರಿಗೆ ಹಾಕಿ, ಎರಡು ವಾರ ಫ್ರೀಜರ್‌ನಲ್ಲಿಟ್ಟು ತೆಗೆಯಿರಿ. ನುಸಿ ಹುಳ ಇದ್ದರೂ ಸಾಯುತ್ತದೆ. ನುಸಿಗುಳಿಗೆ ಹಾಕುವುದಾದರೆ ಪುಕ್ಕದ ಡಬ್ಬಿಗೆ ಮಾತ್ರ. ಪ್ಲಾಸ್ಟಿಕ್ ಲೂರ್ ಇರುವ ಡಬ್ಬಿಗೆ ಬಿದ್ದರೆ ಅದು ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಿ ಅಂಟಿಸಿಬಿಡುತ್ತದೆ. ಕವರಿನೊಳಗೆ ಚೀಟಿ ಇರಲಿ: ಯಾವ ಬಣ್ಣ, ಎಷ್ಟು ಗ್ರಾಂ, ಯಾವ ನೀರು. ಅದೇ ಛಾಯೆ ಮತ್ತೆ ಬೇಕೆಂದಾಗ ಆ ಚೀಟಿ ಬಿಟ್ಟರೆ ಬೇರೆ ದಾರಿ ಇಲ್ಲ.